ಬ್ರೆವೀನಿನ ಬಾಗಿಲಿನ ತೂಕ

ನಮ್ಮ ಮನೆಯ ನಡುಮನೆಯಲ್ಲಿ ತಲೆ ಎತ್ತಿ ನಡೆಯುವ ಹಾಗಿರಲಿಲ್ಲ. ನಡೆದರೆ ಹಣೆಗೆ ಗಂಟೆ ಬಡಿಯುತ್ತಿತ್ತು. ನನ್ನ ಅಣ್ಣ ಗಾಸ್ತೋನ್ ಹಿಮದ ಮೇಲಿನ ಸ್ಕೀ ಓಟಗಳಲ್ಲಿ ಗೆದ್ದು ತಂದ ಕಂಚಿನ ದನದ ಗಂಟೆಗಳು, ಒಂದೊಂದೂ ಕುಂಬಳಕಾಯಿ ಗಾತ್ರದವು, ತೊಲೆಯುದ್ದಕ್ಕೂ ನೇತಾಡುತ್ತಿದ್ದವು. ನಮ್ಮ ಕಡೆ ಮೊದಲು ಬಂದವನಿಗೆ ಗಂಟೆ ಕೊಡುತ್ತಾರೆ, ಎರಡನೆಯವನಿಗೆ ಕೈ ಕುಲುಕಿ ಕಳಿಸುತ್ತಾರೆ. ಅಣ್ಣ ತೀರಿಕೊಂಡ ಮೇಲೆ ಪ್ರತಿ ಶನಿವಾರ ಸ್ಟೂಲು ಹತ್ತಿ ಅವುಗಳ ಧೂಳು ಒರೆಸುತ್ತಿದ್ದವಳು ನಾನು. ಅವನ ಹೆಂಡತಿ ಇವೆಟ್, ಅಂದರೆ ನನ್ನ ಅತ್ತಿಗೆ, ಒರೆಸುವ ಬಟ್ಟೆಯನ್ನೇ ಮುಟ್ಟುತ್ತಿರಲಿಲ್ಲ.

"ಅವನ ಜೊತೆ ಸಂಸಾರ ಮಾಡಿದ್ದಾಯ್ತು. ಅವನ ಗಂಟೆ ಜೊತೆ ನೀನು ಮಾಡ್ಕೊ," ಅನ್ನುತ್ತಿದ್ದಳು.

ನಾವಿಬ್ಬರೂ ಶೋ-ದ-ಫೋನ್ ಊರಿನ ಹೆಂಗಸರು. ಅಂದಮೇಲೆ ವಾಚಿನ ಕೆಲಸದವರು ಎಂದು ಬೇರೆ ಹೇಳಬೇಕಾಗಿಲ್ಲ. ಒಂದೇ ಕಾರ್ಖಾನೆ, ಅದರಲ್ಲೂ ಕ್ರೋನೋಗ್ರಾಫ್ ವಿಭಾಗ. ಹೊತ್ತನ್ನೂ ತೋರಿಸಿ, ಪಕ್ಕದ ಗುಂಡಿ ಒತ್ತಿದರೆ ಓಟದ ಕಾಲವನ್ನೂ ಅಳೆಯುವ ವಾಚು ಅದು. ಅದರ ಹೊಟ್ಟೆಯೊಳಗಿನ ಮಷೀನು ಸಾಮಾನ್ಯ ವಾಚಿನದ್ದಕ್ಕಿಂತ ಎರಡು ಪಟ್ಟು ತರಲೆ. ಇವೆಟ್ ಗುಂಡಿಯ ಕಡೆಯ ಸನ್ನೆಗಳನ್ನು, ಅಂದರೆ ಗುಂಡಿ ಒತ್ತಿದಾಗ ಮುಳ್ಳನ್ನು ಓಡಿಸಿ ನಿಲ್ಲಿಸುವ ಪುಟ್ಟ ಸನ್ನೆಕೋಲುಗಳನ್ನು, ಜೋಡಿಸುತ್ತಿದ್ದಳು. ನಾನು ಬ್ಯಾಲೆನ್ಸ್ ಚಕ್ರ ತಿದ್ದುತ್ತಿದ್ದೆ. ವಾಚಿನಲ್ಲಿ ಅತ್ತಿತ್ತ ಆಡುತ್ತ ಟಿಕ್ ಟಿಕ್ ಅನ್ನಿಸುವುದು ಅದೇ. ಅವಳದು ಮೇಲಿನ ಮಹಡಿ, ನನ್ನದು ಕೆಳಗಿನದು. ಮುಗಿದ ಮಷೀನುಗಳ ತಟ್ಟೆಗಳನ್ನು ಹೇರಿದ ತಳ್ಳುಗಾಡಿ ದಿನಾ ಬೆಳಿಗ್ಗೆ ನನ್ನ ಕೋಣೆಯ ಹೊಸ್ತಿಲು ದಾಟುವಾಗ ಎಗರಿ ಬೀಳುತ್ತಿತ್ತು. ಕೀ ಕೊಡದೆ ಸತ್ತಂತೆ ಮಲಗಿದ್ದ ಬ್ಯಾಲೆನ್ಸುಗಳೆಲ್ಲ ಆ ಏಟಿಗೆ ಒಮ್ಮೆಗೇ ಬೆಚ್ಚಿ, ಚಿಟಿಚಿಟಿಚಿಟಿ ಎಂದು ಆಡಿ ಸುಮ್ಮನಾಗುತ್ತಿದ್ದವು. ನನ್ನ ದಿನ ಶುರುವಾಗುತ್ತಿದ್ದದ್ದೇ ಆ ಸದ್ದಿನಿಂದ.

ಬ್ಯಾಟರಿ ವಾಚು ಬಂತು, ಕಾರ್ಖಾನೆ ಮುಚ್ಚಿತು. ನಾವು ಅಡುಗೆಮನೆಯ ಉತ್ತರದ ಕಿಟಕಿಗೆ ಮೇಜು ಹಾಕಿಕೊಂಡು ರಿಪೇರಿಗೆ ಕುಳಿತೆವು. ಒಳ್ಳೆಯ ಬೆಳಕಿನ ಕಿಟಕಿ ಇದ್ದದ್ದು ಒಂದೇ. ಇವೆಟ್ ಮೊದಲ ದಿನವೇ ಅದನ್ನು ಹಿಡಿದು ಕುಳಿತಳು. ಆ ಜಾಗಕ್ಕೆ ನಾವು ಆಡಿದ ಜಗಳ ಇಡೀ ಬೀದಿಗೆ ಗೊತ್ತು. "ಏಳು, ಬೆಳಕಿಗೆ ಅಡ್ಡ ಕೂತಿದ್ದೀಯ," ಎಂದು ಅವಳು, "ಬೆಳಕೇನು ನಿನ್ನ ತವರಿಂದ ತಂದಿದ್ದಾ?" ಎಂದು ನಾನು.

ಒಂದು ವರ್ಷ ಶರತ್ಕಾಲದ ಹೊತ್ತಿಗೆ ರಿಪೇರಿ ಬರುವುದು ಎಷ್ಟು ಕಮ್ಮಿಯಾಯಿತೆಂದರೆ, ಒಂದು ಬೆಳಿಗ್ಗೆ ಇವೆಟ್ ಕಿಟಕಿಯ ಕುರ್ಚಿಯಿಂದ ಎದ್ದು, ಅದನ್ನು ನನ್ನ ಕಡೆ ತಳ್ಳಿದಳು.

"ತಗೊ. ಇನ್ಮೇಲೆ ನೀನೇ ಕೂತ್ಕೊ. ಬಿಯೆನ್ ಪಟ್ಟಣದ ಫ್ಯಾಕ್ಟರೀಲಿ ಕೆಲ್ಸ ಸಿಕ್ಕಿದೆ. ಬ್ಯಾಟರಿ ಕೂರಿಸೋದು. ಜನವರಿಯಲ್ಲಿ ಸ್ಕೀ ಓಟ ಮುಗಿದ ವಾರ ಸೇರ್ಬೇಕು. ಅಲ್ಲೇ ರೂಮೂ ಕೊಡ್ತಾರಂತೆ."

"ಬ್ಯಾಟರಿ ಕೂರಿಸ್ತೀಯಾ? ನೀನು? ಆ ಕೈಯಲ್ಲಿ?"

"ಕೈಗೂ ಹೊಟ್ಟೆ ಇದೆ ಮಾರಾಯ್ತಿ."

ಜಗಳವಾಡಿದ್ದರೆ ಸಹಿಸುತ್ತಿದ್ದೆ. ಅವಳು ಕಿಟಕಿ ಬಿಟ್ಟುಕೊಟ್ಟಳಲ್ಲ, ಅದನ್ನು ಹೇಗೆ ಸಹಿಸಲಿ? ಅಣ್ಣ ಹೋದ. ಮಕ್ಕಳು ಅವರಿಗೂ ಇಲ್ಲ, ನನಗೂ ಇಲ್ಲ. ಈ ಜಗಳಗಂಟಿಯೊಬ್ಬಳು ಹೋದರೆ ಆ ಮನೆಯಲ್ಲಿ ನಾನು ಗೋಡೆಯ ಜೊತೆ ಜಗಳವಾಡಬೇಕಿತ್ತು. ಅವಳನ್ನು ಬಿಡಬಾರದು ಎಂದು ಅಂದೇ ತೀರ್ಮಾನ ಮಾಡಿದೆ. ಹಾಗೆಂದು ಅವಳ ಮುಂದೆ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ತಲೆ ಮೇಲೆ ಕೂರುತ್ತಿದ್ದಳು.

ದೇವರು ಕಣ್ಣುಬಿಟ್ಟದ್ದು ಸ್ಕೀ ಸಂಘದ ನೀರಿನ ಕೊಳವೆ ಒಡೆದಾಗ. ಅವರ ನೆಲಮಾಳಿಗೆಯ ಪೆಟ್ಟಿಗೆಯಲ್ಲಿ, ಓಟಗಳಲ್ಲಿ ಕಾಲ ಅಳೆಯುವ ಹನ್ನೊಂದು ಕ್ರೋನೋಗ್ರಾಫುಗಳಿದ್ದವು. ನಮ್ಮ ಕಾರ್ಖಾನೆಯಲ್ಲಿ ಆ ಸಂಘಕ್ಕೆಂದೇ ಮಾಡಿದ ಹಳೆಯ ವಾಚುಗಳು. ನೀರು ಒಳಗೆ ಹೋಗಿ ಮಷೀನೆಲ್ಲ ತುಕ್ಕಿನ ಮುದ್ದೆಯಾಗಿತ್ತು. ಸಂಘದ ಅಧ್ಯಕ್ಷ ಪೆಟ್ಟಿಗೆ ಹೊತ್ತು ತಂದು ನಮ್ಮ ಮೇಜಿನ ಮೇಲಿಟ್ಟ.

"ನೋಡಿ, ಜನವರಿ ಓಟದ ಹೊತ್ತಿಗೆ ಇವು ಓಡಿದ್ರೆ, ಇಡೀ ಕಣಿವೆಯ ಸಂಘಗಳ ವಾಚೆಲ್ಲ ವರ್ಷಾ ವರ್ಷಾ ನಿಮ್ಮ ಹತ್ರಾನೇ ಬರ್ತವೆ. ಓಡ್ಲಿಲ್ವಾ, ಕರೆಂಟಿನ ಯಂತ್ರ ತಗೊಳ್ತೀವಿ. ಅದನ್ನ ಮಾರೋರು ಬಾಗಿಲಲ್ಲೇ ನಿಂತಿದ್ದಾರೆ."

ಅಷ್ಟು ಕೆಲಸ ಬಂದರೆ ಇಬ್ಬರು ಧಾರಾಳವಾಗಿ ಬದುಕಬಹುದು. ಇವೆಟ್ ಒಂದು ವಾಚು ಬಿಚ್ಚಿ ನೋಡಿ, "ಡಯಲ್ಲು, ಮುಳ್ಳು, ಡಬ್ಬಿ ಎಲ್ಲಾ ಚೆನ್ನಾಗಿದೆ. ಒಳಗಿಂದು ಮಾತ್ರ ಕಸ. ಹನ್ನೊಂದು ಮಷೀನು ಬೇಕು. ಎಲ್ಲಿಂದ ತರ್ತೀಯಾ?" ಅಂದಳು.

"ತರ್ತೀನಿ."

"ದುಡ್ಡು?"

"ತರ್ತೀನಿ ಅಂದ್ನಲ್ಲ!"

ನಮ್ಮೂರಲ್ಲಿ ಹಳೆಯ ಮಷೀನು ಬೇಕೆಂದರೆ ಎಲ್ಲರೂ ಹೋಗುವುದು ಆರ್ಮಾನ್ ಎಂಬವನ ಅಂಗಡಿಗೆ. ಮೇಣ ಹಚ್ಚಿ ಎರಡೂ ಕಡೆ ತಿರುವಿದ ಮೀಸೆ, ಅದರ ಕೆಳಗೆ ಸಕ್ಕರೆಯಂಥ ಮಾತು. ಕಾರ್ಖಾನೆಗಳು ಮುಚ್ಚಿದಾಗ ಕವಡೆ ಕಾಸಿಗೆ ಕೊಂಡ ಸರಕನ್ನು ಈಗ ಬಂಗಾರದ ಬೆಲೆಗೆ ಮಾರುವವನು. ನಾನು ಇವೆಟ್‌ಗೆ ಹೇಳದೆ ಹೋದೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಒಲೆಯ ಎಣ್ಣೆಗೆಂದು ಎತ್ತಿಟ್ಟಿದ್ದ ದುಡ್ಡು ಕೈಚೀಲದಲ್ಲಿತ್ತು. ಹೇಳಿ ಹೋಗಬಹುದಿತ್ತು. ಆದರೆ ಬೆರಗಾಗಿ ನೋಡಲಿ ಎಂಬ ಆಸೆ ನನಗೆ.

ಅವನು ಒಂದು ತಟ್ಟೆ ತಂದಿಟ್ಟ. ನಾನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದನ್ನೇ ನೋಡಿದೆ. ಬ್ಯಾಲೆನ್ಸಿನ ಕೆಳಗೆ ನಮ್ಮದೇ ನಂಬರು, ನಮ್ಮದೇ ಗುರುತು. ಬ್ಯಾಲೆನ್ಸು ಹೊಸ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಬೆಲೆಯೂ ಪರವಾಗಿಲ್ಲ ಅನ್ನಿಸಿ, ಹನ್ನೊಂದನ್ನು ಕೊಂಡೆ. ಆರ್ಮಾನ್ ಅಷ್ಟು ಸುಲಭಕ್ಕೆ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

ಮನೆಗೆ ಬಂದು ತಟ್ಟೆಯನ್ನು ಇವೆಟ್ ಮುಂದೆ ಇಟ್ಟು, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೆ. ಅವಳು ಒಂದನ್ನು ಚಿಮಟದಲ್ಲಿ ಎತ್ತಿ ವಾಚಿನ ಡಬ್ಬಿಯೊಳಗೆ ಇಳಿಸಿದಳು. ಅಳತೆ ಸರಿಯಾಗಿ ಕೂತಿತು. ಗುಂಡಿ ಒತ್ತಿದಳು. ಕಟ್ ಎಂದಿತು. ಸನ್ನೆ ಅಲುಗಲಿಲ್ಲ.

"ನೆಲಿ," ಅಂದಳು ಮೆಲ್ಲಗೆ, "ಗುಂಡಿ ಎಲ್ಲಿದೆ ನೋಡಿದ್ಯಾ?"

"ಗುಂಡಿ ಇರೋ ಕಡೆ ಇರತ್ತೆ."

"ಇಲ್ಲ. ಸ್ಕೀ ಸಂಘದವರು ದಪ್ಪ ಕೈಗವಸು ಹಾಕ್ಕೊಂಡು ಒತ್ಬೇಕು ಅಂತ, ಈ ವಾಚಿಗೆ ಗುಂಡಿಗಳನ್ನ ದೂರ ದೂರ ಇಟ್ರು. ಒಂದು ಗೋಧಿ ಕಾಳಿನಷ್ಟು ದೂರ. ಅದಕ್ಕೆ ಅಂತಾನೇ ಸನ್ನೆ ಬೇರೆ ಕೊಯ್ದ್ರು. ನಂಬರು ಅದೇ, ಮಷೀನು ಬೇರೆ. ಎಷ್ಟು ವರ್ಷ ಇದೇ ಕೆಲ್ಸ ಮಾಡಿದ್ದೀನಿ ನಾನು! ಒಂದು ಮಾತು ಕೇಳಕ್ಕೆ ಏನಾಗಿತ್ತು ನಿಂಗೆ, ಬಾಯಲ್ಲಿ ಬೆಣ್ಣೆ ಇಟ್ಕೊಂಡಿದ್ಯಾ?"

ಅದೇ ಮಷೀನಿನ ಮೇಲೆ ಅರ್ಧ ಆಯುಷ್ಯ ಕಳೆದವಳು ನಾನು. ಆದರೆ ಕಳೆದದ್ದು ಅದರ ಒಂದು ಮೂಲೆಯಲ್ಲಿ. ಭೂತಗನ್ನಡಿಯಲ್ಲಿ ಬ್ಯಾಲೆನ್ಸು ಬಿಟ್ಟರೆ ಆಚೆ ಬದಿ ಏನಿದೆ ಎಂದು ಒಮ್ಮೆಯಾದರೂ ತಿರುಗಿಸಿ ನೋಡಿದವಳಲ್ಲ. ನಮ್ಮ ಕಾರ್ಖಾನೆಯ ಹೆಂಗಸರೆಲ್ಲ ಹೀಗೇ. ಒಬ್ಬೊಬ್ಬಳಿಗೆ ಆನೆಯ ಒಂದೊಂದು ಅಂಗ ಗೊತ್ತು.

ತಟ್ಟೆ ಎತ್ತಿಕೊಂಡು ಆರ್ಮಾನನ ಹತ್ತಿರ ಓಡಿದೆ. ಈ ಸಲ ಇವೆಟ್ ಕೂಡ ಬಂದಳು.

"ತಗೊಂಡ ಮಾಲು ವಾಪಸ್ ಇಲ್ಲ, ನೆಲಿಯವರೇ," ಎಂದು ಅವನು ಮೀಸೆ ತೀಡಿದ. "ನೀವು ಕೇಳಿದ ನಂಬರೇ ಕೊಟ್ಟಿದ್ದೀನಿ. ಗುಂಡಿ ದೂರ ಇರೋದು ಬೇಕಾ? ಅದು ನನ್ನ ಹತ್ರ ಎರಡೇ ಎರಡು ಇದೆ. ಅದರ ಬೆಲೆ ಕೇಳಿದ್ರೆ ನಿಮಗೆ ಇಲ್ಲೇ ಕುರ್ಚಿ ತರಿಸ್ಬೇಕಾಗತ್ತೆ."

"ನಮ್ಮ ಬಟ್ಟಲಲ್ಲಿ ಉಂಡು ನಮಗೇ ಬೆಲೆ ಹೇಳ್ತೀಯಾ? ಆ ಮಷೀನು ಮಾಡಿದ ಕೈ ಕಣಯ್ಯಾ ಇವು!" ಎಂದು ನಾನು ರೇಗಿದೆ.

"ಮಾಡಿದ್ದು ನೀವು, ಇಟ್ಟುಕೊಂಡಿರೋದು ನಾನು. ಬೇರೆ ಕಡೆ ಎಲ್ಲೂ ಇಲ್ಲ. ಉಳಿದಿದ್ದನ್ನೆಲ್ಲ ಹಿತ್ತಾಳೆ ಲೆಕ್ಕದಲ್ಲಿ ಕರಗಿಸೋಕೆ ಹಾಕಿದ್ರು. ಅಂಥವು ಹನ್ನೊಂದು ಎಲ್ಲಾದ್ರೂ ಸಿಕ್ಕಿದ್ರೆ ನನ್ನ ಅರ್ಧ ಮೀಸೆ ಬೋಳಿಸ್ಕೊಳ್ತೀನಿ."

"ಯಾವ ಕಡೆದು?" ಎಂದು ಇವೆಟ್ ಕೇಳಿದಳು.

"ನಿಮಗೆ ಇಷ್ಟ ಬಂದ ಕಡೆದು."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಹೊರಗೆ ಬಂದು ಕಲ್ಲಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಎಣ್ಣೆಯ ದುಡ್ಡು ಹೋಯಿತು, ಮಾನ ಹೋಯಿತು, ಅತ್ತಿಗೆಯೂ ಹೋಗುತ್ತಾಳೆ ಎಂದುಕೊಂಡೆ. ಬಯ್ಯುತ್ತಾಳೆಂದು ಕಾದೆ. ಅವಳು ಬಯ್ಯಲಿಲ್ಲ. ಬೀದಿಯ ಕಡೆ ನೋಡುತ್ತ, "ಆ ಹಿತ್ತಾಳೇನ ಕರಗಿಸೋಕೆ ಹೊತ್ಕೊಂಡು ಹೋದೋರು ಯಾರು, ಜ್ಞಾಪಕ ಇದ್ಯಾ?" ಅಂದಳು.

ನನಗೆ ಚೆನ್ನಾಗಿ ಜ್ಞಾಪಕವಿತ್ತು. ಕಾರ್ಖಾನೆ ಮುಚ್ಚಿದಾಗ ಬ್ರೆವೀನ್ ಕಣಿವೆಯ ರೈತ ನ್ಯುಮಾ ತನ್ನ ಟ್ರ್ಯಾಕ್ಟರು ತಂದಿದ್ದ. ನಾವೆಲ್ಲ ಗೇಟಿನ ಹತ್ತಿರ ನಿಂತು ಅಳುತ್ತಿದ್ದಾಗ, ಅವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಹೆಣದ ಗಾಡಿ ಹೊಡೆಯುವವನ ಹಾಗೆ ಹೊಡೆದುಕೊಂಡು ಹೋಗಿದ್ದ. ನ್ಯುಮಾ ನಮ್ಮ ಅಣ್ಣನ ಓರಗೆಯವನು. ಒಂದೇ ಓಟಗಳಲ್ಲಿ ಓಡಿದವರು. ಗಾಸ್ತೋನ್ ಮೊದಲು, ನ್ಯುಮಾ ಎರಡನೆಯವನು, ಯಾವಾಗಲೂ.

ಭಾನುವಾರ ನಮ್ಮ ಹಳೆಯ ಕಾರು ಹತ್ತಿ ಅವನಲ್ಲಿಗೆ ಹೋದೆವು. ಬ್ರೆವೀನ್ ಎಂದರೆ ದೇಶಕ್ಕೆಲ್ಲ ಚಳಿ ಹುಟ್ಟುವ ಜಾಗ. ಆದರೆ ಅಂದು ಬಿಸಿಲಿತ್ತು. ನ್ಯುಮಾ ಹುಲ್ಲುಗಾವಲಿನಲ್ಲಿ ಫರ್ ಮರದ ಕೊಂಬೆಗಳ ಬೆಂಕಿ ಹಾಕಿ, ಕೋಸಿನ ಎಲೆ ಸುತ್ತಿದ ಸಾಸೇಜುಗಳನ್ನು ಬೂದಿಯೊಳಗೆ ಹೂತಿಟ್ಟು ಕಾಯುತ್ತಿದ್ದ. ನಮ್ಮನ್ನು ಕಂಡು ಏಳದೆ, ಕೂತಲ್ಲಿಂದಲೇ ಕೋಲು ಎತ್ತಿದ.

"ಓಹೋ, ಗಾಸ್ತೋನನ ತಂಗಿ! ಹೆಂಡ್ತೀನೂ ಬಂದಿದ್ದಾಳೆ. ಕೂತ್ಕೊಳ್ಳಿ. ಗಂಟಲು ಒಣಗಿರಬೇಕು."

"ದನದ ಔಷಧ" ಎಂದು ಬರೆದ ಸೀಸೆಯಿಂದ ಬಟ್ಟಲಿಗೆ ಸುರಿದ. ಸರ್ಕಾರ ನಿಷೇಧಿಸಿದ ಸೋಂಪಿನ ಸಾರಾಯಿ ಅದು. ನೀರು ಬಿದ್ದೊಡನೆ ಹಾಲಿನ ಹಾಗೆ ಬೆಳ್ಳಗಾಯಿತು. ದನಗಳು ಅದನ್ನು ಕಂಡಿರಲಿಕ್ಕಿಲ್ಲ.

ಸಾಸೇಜು ತಿನ್ನುತ್ತ ಎಲ್ಲ ಹೇಳಿದೆವು. ಅವನು ಎಲೆಯ ಸುಟ್ಟ ಅಂಚು ಕಿತ್ತು ಬೆಂಕಿಗೆಸೆದು ತಲೆಯಾಡಿಸಿದ. "ಇಲ್ಲಮ್ಮ. ನನ್ನ ಹತ್ರ ಒಂದು ವಾಚೂ ಇಲ್ಲ. ಎಲ್ಲಾ ಸುರಿದು ಬಂದೆ. ಸುರಿವಾಗ ಎಂಥಾ ಸದ್ದು ಗೊತ್ತಾ, ಆಲಿಕಲ್ಲು ಬಿದ್ದ ಹಾಗೆ."

ಇವೆಟ್ ಬಟ್ಟಲನ್ನು ಹುಲ್ಲಿನ ಮೇಲಿಟ್ಟಳು. "ಆಯ್ತು ಬಿಡು ನೆಲಿ. ಹುಡುಕಿದ್ವಿ. ಸಾಕು," ಎಂದು ನನ್ನ ಮೊಣಕಾಲು ತಟ್ಟಿದಳು. ಅವಳು ನನ್ನನ್ನು ಸಮಾಧಾನ ಮಾಡಿದ್ದು ಅದೇ ಮೊದಲು. ನನಗೆ ಅಳು ಬಂತು. ಅಳು ಬಂದರೆ ನಾನು ಎದ್ದು ನಡೆಯುವವಳು. ಹಸು ನೋಡಿ ಬರುತ್ತೇನೆ ಎಂದು ಹೇಳಿ ಕೊಟ್ಟಿಗೆಯ ಕಡೆ ಹೋದೆ.

ಕೊಟ್ಟಿಗೆಯ ದೊಡ್ಡ ಬಾಗಿಲು ಪಕ್ಕಕ್ಕೆ ಸರಿಯುವಂಥದ್ದು. ತಳ್ಳಿ ಒಳಗೆ ಹೋದೆ. ಹಸುಗಳ ಬಿಸಿ ಉಸಿರು, ಹುಲ್ಲಿನ ವಾಸನೆ. ಬಾಗಿಲು ಬಿಟ್ಟೊಡನೆ ಅದು ತಾನಾಗಿ ಹಿಂದಕ್ಕೆ ಸರಿದು ಧಡ್ ಎಂದು ಮುಚ್ಚಿಕೊಂಡಿತು. ಚಳಿ ಒಳಗೆ ಬರಬಾರದಲ್ಲ, ಅದಕ್ಕೆ ಹಗ್ಗ ಕಟ್ಟಿ, ರಾಟೆಯ ಮೇಲೆ ಹಾಯಿಸಿ, ತುದಿಗೆ ತೂಕ ಇಳಿಬಿಟ್ಟಿದ್ದ. ಆ ತೂಕ ಕೆಳಗಿಳಿದು ಗೋಡೆಗೆ ಢಣ್ ಎಂದು ಬಡಿಯಿತು.

ಬಡಿದ ಮೇಲೆ ಇನ್ನೊಂದು ಸದ್ದು ಬಂತು.

ಚಿಟಿಚಿಟಿಚಿಟಿ.

ಕನಸೇ ಎಂದುಕೊಂಡು ಬಾಗಿಲನ್ನು ಮತ್ತೆ ಪೂರ್ತಿ ತಳ್ಳಿ ಬಿಟ್ಟೆ. ಧಡ್. ಢಣ್. ಚಿಟಿಚಿಟಿಚಿಟಿ, ಸಾವಿರ ಸಣ್ಣ ಬಾಯಿ ಒಟ್ಟಿಗೆ ಗೊಣಗಿ ಸುಮ್ಮನಾದ ಹಾಗೆ. ಆ ಸದ್ದು ಯಾವುದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ, ನನ್ನ ಅರ್ಧ ಆಯುಷ್ಯದ ಬೆಳಿಗ್ಗೆಗಳೆಲ್ಲ ಅದರಲ್ಲಿದ್ದವು. ಹಗ್ಗದ ತುದಿಗಿದ್ದದ್ದು ಹಳೆಯ ಹಾಲಿನ ಕ್ಯಾನು. ಮುಚ್ಚಳದ ಸುತ್ತ ನೀರು ಹೋಗದಂತೆ ಕೊಬ್ಬು ಮೆತ್ತಿತ್ತು. ತಣ್ಣನೆ ತಗಡಿಗೆ ಕಿವಿ ಹಚ್ಚಿ ಅಂಗೈಯಿಂದ ಬಡಿದೆ. ಒಳಗಿಂದ ಉತ್ತರ ಬಂತು.

"ಅತ್ತಿಗೇ!" ಎಂದು ನಾನು ಕಿರುಚಿದ್ದಕ್ಕೆ ಹಸುಗಳೆಲ್ಲ ಎದ್ದು ನಿಂತವು.

ಇಬ್ಬರೂ ಓಡಿ ಬಂದರು. ನ್ಯುಮಾ ಕ್ಯಾನಿನ ಕಡೆ ನೋಡಿದ, ನನ್ನ ಕಡೆ ನೋಡಿದ. "ಅದಾ? ಅದು ವಾಚಲ್ಲಮ್ಮ, ಅದು ತೂಕ. ಕೂಲಿ ಸಾಲ್ದು ಅಂದಿದ್ದಕ್ಕೆ ಒಂದು ಕ್ಯಾನು ತುಂಬ್ಕೊ ಅಂದಿದ್ರು. ಬಾಗಿಲಿಗೆ ಆಗತ್ತೆ ಅಂತ ತಂದೆ."

"ಒಂದು ವಾಚೂ ಇಲ್ಲ ಅಂದ್ಯಲ್ಲೋ ನ್ಯುಮಣ್ಣ!"

"ಇಲ್ವಲ್ಲ! ವಾಚಿಗೆ ಮುಳ್ಳಿರತ್ತೆ, ಪಟ್ಟಿ ಇರತ್ತೆ. ಇದಕ್ಕೆಲ್ಲಿದೆ?"

ಕೊಬ್ಬು ಕೆರೆದು ಮುಚ್ಚಳ ತೆಗೆದೆವು. ಎಣ್ಣೆ ಕಾಗದದ ಪುಟ್ಟ ಪುಟ್ಟ ಪೊಟ್ಟಣಗಳು, ಬಾಯಿವರೆಗೆ. ಇವೆಟ್ ಒಂದನ್ನು ಬಿಚ್ಚಿದಳು, ಹಿತ್ತಾಳೆ ಮೊನ್ನೆ ಮಾಡಿದಂತೆ ಹೊಳೆಯಿತು. ಅವಳು ಬ್ಯಾಲೆನ್ಸಿನ ಕಡೆ ನೋಡಲೇ ಇಲ್ಲ. ತಿರುಗಿಸಿ ಸನ್ನೆಗಳ ಕಡೆ ನೋಡಿದಳು, ಉಗುರಿನಿಂದ ಮುಟ್ಟಿದಳು.

"ನಂದೇ," ಅಂದಳು. "ಇದು ನಾನು ಜೋಡಿಸಿದ್ದು. ಗುಂಡಿ ದೂರದ್ದೇ."

ನಾನು ಅವಳನ್ನು ತಬ್ಬಿಕೊಂಡೆ. ಅವಳೂ ತಬ್ಬಿಕೊಂಡಳು. ಆಮೇಲೆ ಇಬ್ಬರಿಗೂ ನಾಚಿಕೆಯಾಗಿ ಬಿಟ್ಟೆವು.

"ಏನು ಕೊಡ್ಲಿ ನ್ಯುಮಣ್ಣ?" ಎಂದು ಕೇಳಿದೆ. ಆರ್ಮಾನನಂಥವರು ಇದನ್ನು ಕಂಡರೆ ಎಷ್ಟು ಕೊಡುತ್ತಾರೋ ಎಂದು ಒಳಗೊಳಗೇ ಲೆಕ್ಕ ಹಾಕಿದೆ.

ನ್ಯುಮಾ ಕೆನ್ನೆ ಕೆರೆದುಕೊಂಡ. "ದುಡ್ಡು ತಗೊಂಡು ಬಾಗಿಲಿಗೆ ನೇತಾಕ್ಲಾ? ತೂಕ ತಗೊಂಡು ಹೋಗ್ತೀಯಾ, ತೂಕ ಕೊಡು. ತೂಕಕ್ಕೆ ತೂಕ."

"ಅಷ್ಟೇನಾ! ಕಲ್ಲು ಎಷ್ಟು ಬೇಕು ಹೇಳು, ಈಗ್ಲೇ ಆರಿಸ್ತೀನಿ."

"ಕಲ್ಲು ನನ್ನ ಹೊಲದಲ್ಲೇ ಇದೆ," ಅಂದ. ಮೇಲೆ ರಾಟೆಯ ಕಡೆ ನೋಡಿದ. "ಗಾಸ್ತೋನನ ಗಂಟೆ ಕೊಡು."

"ಏನಂದೆ?"

"ಒಂಬತ್ತು ಗಂಟೆ. ಒಂಬತ್ತೂ ಓಟದಲ್ಲಿ ಅವನ ಬೆನ್ನು ನೋಡ್ಕೊಂಡು ಓಡಿದೋನು ನಾನು. ಒಂದ್ಸಲ ಅಂತೂ ಒಂದು ಸೆಕೆಂಡಿನ ಐದರಲ್ಲಿ ಎರಡು ಭಾಗಕ್ಕೆ ಸೋತೆ. ಅಷ್ಟ್ರಲ್ಲಿ ಒಂದು ಸೀನೂ ಬರಲ್ಲ. ಇದೇ ವಾಚುಗಳು ಅಳೆದಿದ್ದು. ಆಗ ಅದರ ಬ್ಯಾಲೆನ್ಸು ತಿದ್ದಿದ್ಯಾರು ಹೇಳು?"

"ನಾನೇ," ಎಂದು ಒಪ್ಪಿಕೊಂಡೆ.

"ನೋಡಿದ್ಯಾ! ತಂಗಿ ತಿದ್ದಿದ ವಾಚಲ್ಲಿ ಅಣ್ಣ ಗೆದ್ದ. ನಾನು ಎಲ್ಲಿಗೆ ಹೋಗಿ ದೂರು ಕೊಡ್ಲಿ?" ಎಂದು ನಕ್ಕ. ನಕ್ಕರೂ ಅವನ ಕಣ್ಣು ತಮಾಷೆ ಮಾಡುತ್ತಿರಲಿಲ್ಲ. "ಗೋಡೆಗೆ ನೇತಾಕ್ಕೊಂಡು ಜಂಬ ಪಡಕ್ಕಲ್ಲ ತಂಗಿ. ಬಾಗಿಲು ಹಾಕ್ದಾಗ ಒಂದ್ಸಲ ಕೇಳ್ಸಿದ್ರೆ ಸಾಕು."

ನನಗೆ ಸಿಟ್ಟು ನೆತ್ತಿಗೇರಿತು. ಆಗಲ್ಲ ಅಂದೆ. ನಮ್ಮಣ್ಣನ ಬೆವರು ಅದು, ದನದ ಕೊಟ್ಟಿಗೆಗೆ ಹಾಕಲ್ಲ ಅಂದೆ. ಇನ್ನೂ ಏನೇನೋ ಅಂದೆ. ಇವೆಟ್ ನನ್ನ ತೋಳು ಹಿಡಿದು ಹೊರಗೆ ಕರೆತಂದಳು.

"ಬೇಡ ನೆಲಿ. ನಾನು ಕೇಳಲ್ಲ. ಆ ಗಂಟೆ ನಿನ್ನ ಪ್ರಾಣ ಅಂತ ಗೊತ್ತು. ಬಿಯೆನ್ ಏನು ಚಂದ್ರಲೋಕ ಅಲ್ಲ. ಹಬ್ಬಕ್ಕೆ ಬರ್ತಾ ಇರ್ತೀನಿ."

ಹಬ್ಬಕ್ಕೆ ಬರುತ್ತಾಳಂತೆ! ಅತಿಥಿಯ ಹಾಗೆ, ಕೈಯಲ್ಲಿ ಕೇಕು ಹಿಡಿದುಕೊಂಡು, ಬಾಗಿಲು ತಟ್ಟಿ. ಆ ಚಿತ್ರ ಕಣ್ಣಿಗೆ ಬಂದೊಡನೆ ನನ್ನ ಸಿಟ್ಟು ನ್ಯುಮಾನ ಮೇಲಿಂದ ಇಳಿದು ನನ್ನ ಮೇಲೇ ತಿರುಗಿತು. ನಾನೇನು ಹುಚ್ಚಿಯೇ? ಸತ್ತವನ ಗಂಟೆ ತೊಲೆಗೆ ಕಟ್ಟಿಕೊಂಡು, ಬದುಕಿರುವವಳನ್ನು ರೈಲು ಹತ್ತಿಸಲೇ? ಗಾಸ್ತೋನ್ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ.

ತಿರುಗಿ ಕೊಟ್ಟಿಗೆಗೆ ಹೋದೆ. "ನಾಳೆ ಬೆಳಿಗ್ಗೆ ತರ್ತೀನಿ. ತಕ್ಕಡಿ ತೊಳೆದಿಡು," ಅಂದೆ.

"ನೆಲಿ..." ಎಂದು ಹಿಂದಿನಿಂದ ಇವೆಟ್.

"ನೀನು ಸುಮ್ನಿರು! ನಿನಗೋಸ್ಕರ ಅಲ್ಲ. ವಾರಾ ವಾರಾ ಧೂಳು ಒರೆಸಿ ಸೊಂಟ ಬಿದ್ದೋಯ್ತು ನಂಗೆ."

ಮರುದಿನ ಒಂಬತ್ತು ಗಂಟೆಗಳನ್ನೂ ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದಿಸಿ ಕೂರಿಸಿದೆ. ಪ್ರತಿ ತಿರುವಿನಲ್ಲೂ ಅವು ಮಾತಾಡಿದವು. ನ್ಯುಮಾ ಚೀಸು ತೂಗುವ ತಕ್ಕಡಿಯಲ್ಲಿ ಒಂದು ಕಡೆ ಕ್ಯಾನು ಇಟ್ಟ, ಇನ್ನೊಂದು ಕಡೆ ಗಂಟೆ. ಒಂದೊಂದು ಇಡುವಾಗಲೂ ಯಾವ ವರ್ಷದ್ದು, ಎಲ್ಲಿಯ ಓಟ ಎಂದು ಹೇಳಿದ. ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಒಂಬತ್ತನೆಯದನ್ನೂ ಇಟ್ಟೆವು. ಕ್ಯಾನಿನ ತಟ್ಟೆಯೇ ಕೂದಲೆಳೆಯಷ್ಟು ಕೆಳಗಿತ್ತು.

ನಾನು ನ್ಯುಮಾನ ಮುಖ ನೋಡಿದೆ.

"ಸಾಕು ಬಿಡಮ್ಮ," ಅಂದ. "ಒಂಚೂರಲ್ಲಿ ಸೋಲೋದು ನಂಗೆ ಅಭ್ಯಾಸ."

ಅವನೇ ಏಣಿ ಹತ್ತಿ ಗಂಟೆಗಳನ್ನು ಗೊಂಚಲಾಗಿ ಹಗ್ಗಕ್ಕೆ ಕಟ್ಟಿದ. ಬಾಗಿಲು ತಳ್ಳಿ ಬಿಟ್ಟ. ಅದು ಸರಿದು ಮುಚ್ಚಿಕೊಂಡಾಗ ಇಡೀ ಕೊಟ್ಟಿಗೆ ಝಣಝಣ ಎಂದಿತು. ಹಸುಗಳು ಕಿವಿ ನಿಮಿರಿಸಿದವು. ಅಷ್ಟು ವರ್ಷ ನಮ್ಮ ನಡುಮನೆಯಲ್ಲಿ ಮೂಕವಾಗಿ ನೇತಾಡಿದ್ದ ಗಂಟೆಗಳು ಅವು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ದುಃಖದ್ದಲ್ಲ ಅದು.

ಆಮೇಲೆ ಕೆಲಸವೋ ಕೆಲಸ. ಕ್ಯಾನಿನ ತಳದ ಒಂದು ಹಿಡಿ ಮಷೀನುಗಳಿಗೆ ತುಕ್ಕು ಹತ್ತಿತ್ತು. ಉಳಿದವು, ಒಂದು ಸಾವಿರಕ್ಕೂ ಹೆಚ್ಚು, ಚೊಕ್ಕಟ. ಹನ್ನೊಂದನ್ನು ಆರಿಸಿ, ಪೂರ್ತಿ ಬಿಚ್ಚಿ ತೊಳೆದು, ಹೊಸ ಎಣ್ಣೆ ಹಾಕಿ ಜೋಡಿಸಿದೆವು. ಒಲೆಯ ಎಣ್ಣೆಯ ದುಡ್ಡು ಆರ್ಮಾನನ ಹತ್ತಿರ ಇದ್ದದ್ದರಿಂದ ಒಲೆ ಅರೆಹೊಟ್ಟೆಯಲ್ಲಿತ್ತು. ಕೋಟು ಹಾಕಿಕೊಂಡೇ ಕೂತೆವು. ನಾನು ಬ್ಯಾಲೆನ್ಸು, ಅವಳು ಸನ್ನೆ. ಈ ಸಲ ಮಾತ್ರ ಅವಳ ಭೂತಗನ್ನಡಿ ಕಿತ್ತುಕೊಂಡು ಅವಳ ಮೂಲೆಯನ್ನೂ ನೋಡಿದೆ. ಏನು ಕೆಲಸ ಅದು! ಹೊಗಳಲಿಲ್ಲ, ಮನಸ್ಸಿನಲ್ಲೇ ಕೈ ಮುಗಿದೆ. ಆದರೆ ಅವಳು ಕಿಟಕಿಯ ಹತ್ತಿರ ಕೂರಲು ಒಪ್ಪಲಿಲ್ಲ. ಹಿಂದೆ ಗೋಡೆ ಬದಿಯಲ್ಲಿ ದೀಪದ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ಜೋಡಿಸಿದಳು.

"ಬಿಯೆನ್‌ಗೆ ಇನ್ನೂ ಇಲ್ಲ ಅಂದಿಲ್ಲ. ಓಟದ ದಿನ ವಾಚು ಕೈ ಕೊಟ್ರೆ? ಅಲ್ಲೀವರ್ಗೂ ಕಿಟಕಿ ನಿಂದೇ," ಅಂದಳು.

ಓಟದ ದಿನ ಹಿಮ ಗಾಜಿನ ಪುಡಿಯಂತೆ ಹೊಳೆಯುತ್ತಿತ್ತು. ಮೂಗಿನ ತುದಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು, ಅಂಥ ಚಳಿ. ಓಟಕ್ಕೆ ಮೊದಲು ಪರೀಕ್ಷೆಗೆಂದು ಅಧ್ಯಕ್ಷ ಕಾಲ ಅಳೆಯುವ ಹನ್ನೊಂದು ಮಂದಿಯನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ವಾಚು ಕೊಟ್ಟ. ದಪ್ಪ ಕೈಗವಸಿನ ಹನ್ನೊಂದು ಹೆಬ್ಬೆರಳು ಗುಂಡಿಯ ಮೇಲೆ ಕೂತವು. ಇವೆಟ್ ನನ್ನ ಕೈ ಹಿಡಿದಿದ್ದಳು, ಮುರಿಯುವಷ್ಟು ಬಿಗಿಯಾಗಿ.

ಅಧ್ಯಕ್ಷ ಬಾವುಟ ಇಳಿಸಿದ. ಕ್ಲಿಕ್. ಹನ್ನೊಂದರದೂ ಒಂದೇ ಸದ್ದು. ಒಂದು ನಿಮಿಷ ಬಿಟ್ಟು ಮತ್ತೆ ಇಳಿಸಿದ. ಕ್ಲಿಕ್. ಅವನು ಸಾಲಿನುದ್ದಕ್ಕೂ ನಡೆದು ಒಂದೊಂದು ಮುಳ್ಳನ್ನೂ ಬಗ್ಗಿ ನೋಡಿದ. ಕೊನೆಯವನ ಹತ್ತಿರ ನಿಂತು ಟೋಪಿ ತೆಗೆದ.

"ಎಲ್ಲಾ ಒಂದೇ ಗೆರೆ ಮೇಲೆ ನಿಂತಿವೆ," ಎಂದು ಕೂಗಿದ. "ಒಂದೇ ಗೆರೆ! ಕರೆಂಟು ಯಂತ್ರದವನು ಮನೆಗೆ ಹೋಗ್ಬಹುದು!"

ಅಷ್ಟು ಹೊತ್ತಿಗೆ ಜನರ ನಡುವೆ ಕಂಬಳಿ ಶಾಲು ಮೂಗಿನವರೆಗೂ ಸುತ್ತಿಕೊಂಡು ನಿಂತಿದ್ದ ಆರ್ಮಾನ್ ಹಿಂದಕ್ಕೆ ಸರಿಯುವುದು ಕಂಡಿತು. ನಾನು ಬಿಡುತ್ತೇನೆಯೇ?

"ಏನಪ್ಪಾ ಆರ್ಮಾನ್, ಹಲ್ಲು ನೋವಾ? ಶಾಲು ತೆಗಿ, ಅತ್ತಿಗೆ ಕತ್ತರಿ ತಂದಿದ್ದಾಳೆ."

"ಬಲಗಡೆದು," ಅಂದಳು ಇವೆಟ್, ಗಂಭೀರವಾಗಿ. ನಿಜವಾಗಿಯೂ ಜೇಬಿನಿಂದ ಕತ್ತರಿ ತೆಗೆದಳು. ನಾನು ಸುಮ್ಮನೆ ಅಂದದ್ದು, ಅವಳು ನಿಜಕ್ಕೂ ತಂದಿರುವುದು ನನಗೂ ಗೊತ್ತಿರಲಿಲ್ಲ.

ಜನ ಕೇಕೆ ಹಾಕಿದರು. ಆರ್ಮಾನ್ ಮೀಸೆಯ ಮೇಲೆ ಕೈ ಮುಚ್ಚಿಕೊಂಡ. "ತಮಾಷೆಗೆ ಅಂದಿದ್ದು ನೆಲಿಯವರೇ... ಎಲ್ಲಿ ಸಿಕ್ತು ಅದು? ಮಿಕ್ಕಿರೋದನ್ನ ನಾನು ತಗೊಳ್ತೀನಿ, ನೀವು ಹೇಳಿದ ಬೆಲೆ."

"ಮಿಕ್ಕಿರೋದು ಮಾರೋಕಲ್ಲ. ಈ ಕಣಿವೆಯ ವಾಚಿಗೆ. ನಿನ್ನ ಮೀಸೇನೂ ಇಟ್ಕೊ, ನಮಗ್ಯಾಕೆ. ನಿನ್ನ ಹನ್ನೊಂದು ಮಷೀನು ನಾಳೆ ವಾಪಸ್ ಬರ್ತವೆ, ನಮ್ಮ ಎಣ್ಣೆ ದುಡ್ಡು ಬೆಳಿಗ್ಗೇನೇ ತಂದು ಕೊಡು."

"ತಗೊಂಡ ಮಾಲು..." ಎಂದು ಅವನು ಶುರುಮಾಡಿದ. ಇವೆಟ್ ಕತ್ತರಿಯನ್ನು ಒಮ್ಮೆ ಕಚಕ್ ಎನ್ನಿಸಿದಳು. "ತರ್ತೀನಿ, ತರ್ತೀನಿ," ಅಂದ.

ಓಟ ಶುರುವಾಯಿತು. ಕೊನೆಯ ಗೆರೆಯ ಹತ್ತಿರ ಓಟಗಾರರು ಕಾಣಿಸಿಕೊಂಡಾಗ ನಮ್ಮ ಜನ ಕೈಗಂಟೆ ಬಾರಿಸಿ ಹುರಿದುಂಬಿಸುವುದು ವಾಡಿಕೆ. ಅವುಗಳ ಕಿಣಿಕಿಣಿಯ ನಡುವೆ ಒಂದು ಭಾರಿ ಗಂಟೆ ಮೊಳಗಿತು, ಎದೆಯೊಳಗೆ ಬಡಿದ ಹಾಗೆ. ತಿರುಗಿ ನೋಡಿದೆ. ನ್ಯುಮಾ. ಕೊಟ್ಟಿಗೆಯ ಗೊಂಚಲಿನಿಂದ ಅಣ್ಣನ ದೊಡ್ಡ ಗಂಟೆ ಬಿಚ್ಚಿ ತಂದು, ಎರಡೂ ಕೈಯಲ್ಲಿ ಹಿಡಿದು ತೂಗುತ್ತಿದ್ದ. ಮುಂದೆ ಬಂದವನಿಗಾಗಿ ಬಾರಿಸಿದ. ಅವನು ದಾಟಿದ ಮೇಲೂ ನಿಲ್ಲಿಸಲಿಲ್ಲ. ಎರಡನೆಯವನು ಬಂದಾಗ ಇನ್ನೂ ಜೋರಾಗಿ ಬಾರಿಸಿದ.

ಅಧ್ಯಕ್ಷ ಸಂಜೆ ನಮ್ಮ ಮನೆಗೆ ಬಂದು ಕೈ ಕುಲುಕಿ, ಐದು ಸಂಘಗಳ ವಾಚಿನ ಪೆಟ್ಟಿಗೆಗಳು ಈ ವಾರವೇ ಬರುತ್ತವೆ ಎಂದು ಹೇಳಿ ಹೋದ. ಇವೆಟ್ ಸೂಪು ಕುಡಿದು ಮಲಗಿದಳು. ಬಿಯೆನ್ ವಿಷಯ ಕೇಳಲು ನನಗೂ ಧೈರ್ಯ ಬರಲಿಲ್ಲ.

ಬೆಳಿಗ್ಗೆ ನಾನು ಬೇಕೆಂದೇ ಬೇಗ ಎದ್ದು ಕಿಟಕಿಯ ಕುರ್ಚಿಯಲ್ಲಿ ಕೂತೆ. ಚಿಮಟ ಹಿಡಿದೆ, ಕೆಲಸ ಮಾಡುವ ಹಾಗೆ ನಟಿಸಿದೆ. ನಡುಮನೆಯಲ್ಲಿ ಹೆಜ್ಜೆ ಸದ್ದಾಯಿತು. ಕಿಟಕಿಯ ಗಾಜಿನಲ್ಲಿ ಇವೆಟ್ ಬರುವುದು ಕಂಡಿತು, ಗಂಟೆ ಹೋದ ಮೇಲೂ ಬಗ್ಗಿಯೇ ನಡೆಯುತ್ತಿದ್ದವಳು ಮೊಟ್ಟಮೊದಲ ಸಲ ತಲೆ ಬಗ್ಗಿಸದೆ. ಬಂದು ನನ್ನ ಬೆನ್ನ ಹಿಂದೆ ನಿಂತಳು. ನಾನು ತಿರುಗಲಿಲ್ಲ.

"ಏಳು," ಅಂದಳು. "ಬೆಳಕಿಗೆ ಅಡ್ಡ ಕೂತಿದ್ದೀಯ."

ಎದ್ದು ಕುರ್ಚಿ ಬಿಟ್ಟುಕೊಟ್ಟೆ.